ಜೀವವಿಕಾಸ ಮತ್ತು ವಿನ್ಯಾಸವಾದ: ಕನ್ನಡ ನಾಡಿನ ನೆಲೆಯಿಂದ

ಭೂಮಿಯ ಮೇಲೆ ಇಷ್ಟೊಂದು ಬಗೆಯ ಜೀವಿಗಳು ಹೇಗೆ ಬಂದವು ಎಂಬ ಪ್ರಶ್ನೆಯ ಸುತ್ತ ಎದುರುಬದುರಾಗಿ ನಿಂತಿರುವ ಎರಡು ನಿಲುವುಗಳಿಗೆ ಜೀವವಿಕಾಸವಾದ, ವಿನ್ಯಾಸವಾದ ಎಂದು ಹೆಸರು. ಜೀವವಿಕಾಸವಾದದ ಪ್ರಕಾರ ಎಲ್ಲ ಜೀವಿಗಳೂ ಹಿಂದಿನ ಜೀವಿಗಳಿಂದ ತಲೆಮಾರಿನಿಂದ ತಲೆಮಾರಿಗೆ ಸಣ್ಣಸಣ್ಣ ಬದಲಾವಣೆಗಳನ್ನು ಕೂಡಿಸಿಕೊಳ್ಳುತ್ತ ಬಂದಿವೆ. ಯಾವ ಬದಲಾವಣೆ ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ಮುಖ್ಯವಾಗಿ ನಿಸರ್ಗದ ಆಯ್ಕೆ ತೀರ್ಮಾನಿಸುತ್ತದೆ. ಇದನ್ನು ಚಾರ್ಲ್ಸ್ ಡಾರ್ವಿನ್ ಮತ್ತು ಆಲ್‌ಫ್ರೆಡ್ ರಸೆಲ್ ವಾಲೇಸ್ 1858ರಲ್ಲಿ ಮುಂದಿಟ್ಟರು. ಡಾರ್ವಿನ್ 1859ರಲ್ಲಿ ಪುಸ್ತಕರೂಪದಲ್ಲಿ ವಿವರಿಸಿದ. ವಿನ್ಯಾಸವಾದ ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಜೀವಿಗಳ ಕೆಲವು ರಚನೆಗಳು ಎಷ್ಟು ಜಟಿಲವೆಂದರೆ ಅವು ತಾವಾಗಿ ರೂಪುಗೊಂಡಿರಲಾರವು, ಅವುಗಳ ಹಿಂದೆ ಯೋಚಿಸಿ ಮಾಡಿದ ಒಂದು ಬುದ್ಧಿ ಇರಲೇಬೇಕು ಎಂಬುದು ಅದರ ಸಾರ. ಆ ಬುದ್ಧಿ ದೇವರೇ ಎಂದು ಅದರ ಪ್ರತಿಪಾದಕರು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಕೇಳುವವರಿಗೆ ಅದು ತಿಳಿಯದೆ ಇರುವುದಿಲ್ಲ.

ವಿನ್ಯಾಸವಾದ ಈಗಿನ ರೂಪದಲ್ಲಿ ಅಮೆರಿಕದಿಂದ ಬಂದದ್ದು. ಅದರ ಒಳಗಿನ ತರ್ಕ ಮಾತ್ರ ನಮ್ಮ ನಾಡಿಗೆ ಹೊಸದಲ್ಲ. ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ನಿಂತು ನೋಡಿದರೆ ಈ ವಾದದ ಹಳೆಯ ದಾಖಲೆಯೂ ಕಾಣುತ್ತದೆ, ಅದಕ್ಕೆ ಉತ್ತರ ಹೇಳುವ ಇಂದಿನ ಸಾಕ್ಷ್ಯವೂ ಕಾಣುತ್ತದೆ.

ಕರ್ತೃ ಇದ್ದಾನೆಯೇ: ಹಳೆಯ ವಾದ

ಈ ಸೀಮೆಯ ಅಡರಕಟ್ಟಿ ಎಂಬ ಹಳ್ಳಿ ಇರುವುದು ಲಕ್ಷ್ಮೇಶ್ವರದ ಮಗ್ಗುಲಲ್ಲಿ. ಲಕ್ಷ್ಮೇಶ್ವರವೆಂದರೆ ಪಂಪನ ಕಾಲದ ಪುಲಿಗೆರೆ, ಶಂಖಬಸದಿಯ ಊರು, ಶತಮಾನಗಳ ಕಾಲ ಜೈನರ ದೊಡ್ಡ ಕೇಂದ್ರ. ಅಲ್ಲಿಂದ ಬಹು ದೂರವಲ್ಲದ ಬಂಕಾಪುರದಲ್ಲಿ ಜಿನಸೇನಾಚಾರ್ಯರ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರರು 9ನೆಯ ಶತಮಾನದ ಕೊನೆಗೆ ಪೂರ್ತಿಮಾಡಿದರು. ಜಿನಸೇನರು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಗುರುಗಳು. ಪಂಪ 941ರಲ್ಲಿ ಬರೆದ ಆದಿಪುರಾಣಕ್ಕೆ ಆಧಾರ ಇದೇ ಗ್ರಂಥ.

ಮಹಾಪುರಾಣದ ನಾಲ್ಕನೆಯ ಪರ್ವದಲ್ಲಿ ಜಗತ್ತಿಗೆ ಕರ್ತೃವೊಬ್ಬನಿದ್ದಾನೆ ಎಂಬ ವಾದವನ್ನು ಜಿನಸೇನರು ಒಂದೊಂದಾಗಿ ಪ್ರಶ್ನಿಸುತ್ತ ಹೋಗುತ್ತಾರೆ. ಜಗತ್ತು ಹುಟ್ಟುವ ಮೊದಲು ಆ ಕರ್ತೃ ಎಲ್ಲಿ ನಿಂತಿದ್ದ? ಸಾಮಗ್ರಿ ಇಲ್ಲದೆ ಹೇಗೆ ಮಾಡಿದ? ಸಾಮಗ್ರಿ ಮೊದಲೇ ಇತ್ತು ಎಂದರೆ ಅದನ್ನು ಮಾಡಿದವರು ಯಾರು? ಅವನಿಗೆ ಶರೀರವಿಲ್ಲದಿದ್ದರೆ ಶರೀರವುಳ್ಳ ವಸ್ತುಗಳನ್ನು ಹೇಗೆ ರೂಪಿಸಿದ? ಅವನು ಪರಿಪೂರ್ಣನಾಗಿದ್ದರೆ ಸೃಷ್ಟಿಸಬೇಕೆಂಬ ಆಸೆ ಅವನಲ್ಲಿ ಯಾಕೆ ಹುಟ್ಟಿತು? ಲೋಕ ಅನಾದಿ, ಅಕೃತ್ರಿಮ, ಯಾರೂ ಮಾಡಿದ್ದಲ್ಲ ಎಂಬುದು ಅವರ ತೀರ್ಮಾನ. ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ ತಮ್ಮ ‘ಕಾಸ್ಮೋಸ್’ ಪುಸ್ತಕದಲ್ಲಿ ಈ ಭಾಗವನ್ನು ಉದ್ಧರಿಸಿದ್ದರಿಂದ ಕನ್ನಡ ನೆಲದ ಈ ವಾದ ಲೋಕದ ಓದುಗರಿಗೂ ಮುಟ್ಟಿದೆ.

ಜಿನಸೇನರನ್ನು ಡಾರ್ವಿನ್ನನ ಪೂರ್ವಜರೆಂದು ಮಾಡಹೊರಟರೆ ಅದು ತಪ್ಪಾಗುತ್ತದೆ. ಜೈನ ಮತದಲ್ಲಿ ಜೀವಿಗಳ ಬಗೆಗಳೂ ಲೋಕದ ಹಾಗೆಯೇ ಅನಾದಿ. ಒಂದು ಬಗೆಯಿಂದ ಇನ್ನೊಂದು ಬಗೆ ಹುಟ್ಟಿತೆಂಬ ಮಾತು ಅಲ್ಲಿಲ್ಲ. ಅವರು ಅಲ್ಲಗಳೆದದ್ದು ಕರ್ತೃವನ್ನು ಮಾತ್ರ.

ಎದುರು ಪಕ್ಷದಲ್ಲಿದ್ದವರು ನ್ಯಾಯ ದರ್ಶನದವರಾದ ನೈಯಾಯಿಕರು. ಗಡಿಗೆಯನ್ನು ನೋಡಿದರೆ ಕುಂಬಾರ ಇದ್ದನೆಂದು ತಿಳಿಯುತ್ತದೆ, ಹಾಗೆಯೇ ಭೂಮಿ ಮೊದಲಾದವು ಕಾರ್ಯಗಳಾದ್ದರಿಂದ ಅವಕ್ಕೂ ಕರ್ತೃ ಇರಬೇಕು ಎಂಬುದು ಅವರ ಅನುಮಾನ ಪ್ರಮಾಣ. ಉದಯನಾಚಾರ್ಯನ ನ್ಯಾಯಕುಸುಮಾಂಜಲಿ ಈ ವಾದದ ಮುಖ್ಯ ಗ್ರಂಥ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಗಡಿಯಾರವನ್ನೂ ಗಡಿಯಾರ ಮಾಡಿದವನನ್ನೂ ಮುಂದಿಟ್ಟು ಹೇಳಿದ್ದು ಇದೇ ಜಾತಿಯ ವಾದ. ಇಂದಿನ ವಿನ್ಯಾಸವಾದಕ್ಕೆ ಪೇಲಿಯೇ ಮೂಲಪುರುಷ.

ಈ ಅನುಮಾನವನ್ನು ಒಪ್ಪದವರಲ್ಲಿ ಸೃಷ್ಟಿಕರ್ತನನ್ನು ನಂಬದ ಜೈನರಷ್ಟೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಮೇಲುಕೋಟೆಯಲ್ಲಿ ನೆಲಸಿದ್ದ ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಇದನ್ನು ಬಿಡಿಸಿ ಬಿಡಿಸಿ ಖಂಡಿಸಿದ್ದಾರೆ. ನಾವು ಕಂಡ ಕುಂಬಾರನಿಗೆ ದೇಹವಿದೆ, ಅವನ ಶಕ್ತಿಗೆ ಮಿತಿಯಿದೆ, ಅವನಿಗೆ ಸಲಕರಣೆ ಬೇಕು. ಅವನ ಮೇಲಿಂದ ಊಹಿಸಿದರೆ ಸಿಗುವ ಕರ್ತೃವೂ ಅಂಥವನೇ ಆಗುತ್ತಾನೆ. ಭೂಮಿ, ಬೆಟ್ಟ, ಸಮುದ್ರ ಎಲ್ಲವನ್ನೂ ಒಂದೇ ಕಾಲದಲ್ಲಿ ಒಬ್ಬನೇ ಮಾಡಿದನೆನ್ನಲು ಏನು ಆಧಾರ? ದೊಡ್ಡ ಕೆಲಸಗಳನ್ನು ಹಲವರು ಸೇರಿ ಮಾಡುವುದನ್ನೇ ನಾವು ಲೋಕದಲ್ಲಿ ಕಾಣುವುದು. ಹೀಗೆ ವಾದಿಸಿ, ಈಶ್ವರನನ್ನು ತಿಳಿಯುವುದು ಶಾಸ್ತ್ರದಿಂದಲೇ ಹೊರತು ಅನುಮಾನದಿಂದ ಅಲ್ಲ ಎಂದು ಅವರು ತೀರ್ಮಾನಿಸಿದರು. ಉಡುಪಿಯ ಮಧ್ವಾಚಾರ್ಯರದೂ ಇದೇ ನಿಲುವು: ವಿಷ್ಣು ಸದಾಗಮಗಳಿಂದ ಮಾತ್ರ ಅರಿಯಬೇಕಾದವನು. ತತ್ವಜ್ಞಾನಿ ಡೇವಿಡ್ ಹ್ಯೂಮ್ ಯುರೋಪಿನಲ್ಲಿ ರಾಮಾನುಜರ ವಾದವನ್ನೇ ಹೋಲುವ ಪ್ರಶ್ನೆಗಳನ್ನು ಎತ್ತಿದ ಸಂವಾದಗ್ರಂಥ ಅಚ್ಚಾದದ್ದು 1779ರಲ್ಲಿ.

ಇದು ಈ ಚರ್ಚೆಯ ತಿರುಳು. ಭಕ್ತಿಪಂಥದ ಎರಡು ದೊಡ್ಡ ಆಚಾರ್ಯಪರಂಪರೆಗಳು ದೇವರನ್ನು ಕುಂಬಾರನ ಹೋಲಿಕೆಯ ಮೇಲೆ ನಿಲ್ಲಿಸಲು ಒಪ್ಪಲಿಲ್ಲ. ವಿನ್ಯಾಸವಾದ ಬಿದ್ದರೆ ನಂಬಿಕೆಯೂ ಬೀಳುತ್ತದೆ ಎಂದು ಇಂದು ಹೆದರುವವರು ಇದನ್ನು ತಿಳಿಯಬೇಕು.

ಡಾರ್ವಿನ್ ಕನ್ನಡಕ್ಕೆ ಬಂದ ದಾರಿ

ಡಾರ್ವಿನ್ನನ ಪುಸ್ತಕ ಹೊರಬಂದ ಒಂದೆರಡು ದಶಕಗಳಲ್ಲೇ ಈ ಸೀಮೆಯ ಕಲ್ಲುಗಳನ್ನು ಓದುವ ಕೆಲಸವೂ ನಡೆಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1870ರ ದಶಕದಲ್ಲಿ ಆಗಿನ ಧಾರವಾಡ, ಬೆಳಗಾವಿ ಜಿಲ್ಲೆಗಳನ್ನು ಸುತ್ತಿ, ಡಂಬಳ ಗುಡ್ಡಗಳ, ಅಂದರೆ ಇಂದಿನ ಕಪ್ಪತಗುಡ್ಡದ, ಚಿನ್ನದ ಶಿಲೆಗಳ ಬಗ್ಗೆ ವರದಿ ಬರೆದ. ಗೋಕಾಕದ ಸಮೀಪ ಸಿಕ್ಕಿದ ಘೇಂಡಾಮೃಗದ ಪಳೆಯುಳಿಕೆಗೆ 1874ರಲ್ಲಿ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟು ಪ್ರಕಟಿಸಿದ. ಕೃಷ್ಣಾ ಕಣಿವೆಯಲ್ಲಿ ಇಂದು ಘೇಂಡಾಮೃಗವಿಲ್ಲ. ಹಿಂದೆ ಇದ್ದ ಪ್ರಾಣಿಗಳು ಬೇರೆ, ಇಂದು ಇರುವವು ಬೇರೆ ಎಂಬುದಕ್ಕೆ ನಮ್ಮ ನೆಲದ್ದೇ ಸಾಕ್ಷಿ ಅದು. ಕಪ್ಪತಗುಡ್ಡದ ಶಿಲೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ವಿಕಾಸಕ್ಕೆ ಬೇಕಾದ ಕಾಲ ಎಷ್ಟು ದೀರ್ಘ ಎಂಬುದನ್ನು ಅರಿಯಲು ಗದಗಿನ ವಿದ್ಯಾರ್ಥಿ ಬೇರೆಲ್ಲಿಗೂ ಹೋಗಬೇಕಿಲ್ಲ.

ಕನ್ನಡದ ಓದುಗರಿಗೆ ಆಧುನಿಕ ವಿಜ್ಞಾನವನ್ನು ಮುಟ್ಟಿಸಿದವರಲ್ಲಿ ಶಿವರಾಮ ಕಾರಂತರು ಪ್ರಮುಖರು. ‘ಬಾಲಪ್ರಪಂಚ’ (1936), ಅದರ ನಂತರ ‘ವಿಜ್ಞಾನ ಪ್ರಪಂಚ’ ಸಂಪುಟಗಳನ್ನು ಅವರು ಒಬ್ಬರೇ ಬರೆದರು. ಸಸ್ಯಲೋಕವನ್ನು ಕನ್ನಡಿಗರ ಮನೆಗೆ ತಂದವರು ಬಿ.ಜಿ.ಎಲ್. ಸ್ವಾಮಿ. ವಿಕಾಸವನ್ನೇ ಕಥೆಯ ಬೆನ್ನೆಲುಬಾಗಿ ಮಾಡಿಕೊಂಡದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಹಾರುವ ಓತಿಯನ್ನು ಹುಡುಕುತ್ತ ಕಾಡು ಹೊಕ್ಕ ತಂಡಕ್ಕೆ ಅದು ಕೊನೆಗೂ ಕೈಗೆ ಸಿಗುವುದಿಲ್ಲ. ಆ ಓತಿ ಕಲ್ಪನೆಯದಲ್ಲ, ಪಶ್ಚಿಮಘಟ್ಟದಲ್ಲಿ ಈಗಲೂ ಇದೆ. ಪಕ್ಕೆಲುಬುಗಳು ಚಾಚಿ ಅವುಗಳ ಮೇಲೆ ಚರ್ಮ ಹರಡಿಕೊಂಡು ಅದಕ್ಕೆ ರೆಕ್ಕೆಯಾಗಿದೆ. ಇದ್ದ ಅಂಗವೇ ಹೊಸ ಕೆಲಸಕ್ಕೆ ಒದಗಿತು ಎಂಬ ವಿಕಾಸದ ಮುಖ್ಯ ಪಾಠವನ್ನು ಆ ಪುಟ್ಟ ಪ್ರಾಣಿ ತನ್ನ ಮೈಯಲ್ಲೇ ಹೊತ್ತಿದೆ. ಪಠ್ಯಪುಸ್ತಕಗಳು ಮಾಡದಷ್ಟು ಕೆಲಸವನ್ನು ಆ ಒಂದು ಕಾದಂಬರಿ ಕನ್ನಡದಲ್ಲಿ ಮಾಡಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ಅಮೆರಿಕದ ಮೊಕದ್ದಮೆ

ಸರ್ಕಾರಿ ಶಾಲೆಗಳಲ್ಲಿ ಬೈಬಲಿನ ಸೃಷ್ಟಿಕಥೆಯನ್ನು ವಿಜ್ಞಾನವೆಂದು ಕಲಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1987ರಲ್ಲಿ ತೀರ್ಪು ಕೊಟ್ಟಿತು. ವಿನ್ಯಾಸವಾದ ಎಂಬ ಹೆಸರು ಬಳಕೆಗೆ ಬಂದದ್ದು ಅದರ ಬೆನ್ನಿಗೆ. ಜೀವರಸಾಯನವಿಜ್ಞಾನಿ ಮೈಕೆಲ್ ಬೀಹಿ 1996ರಲ್ಲಿ ಪ್ರಕಟಿಸಿದ ಪುಸ್ತಕ ಅದಕ್ಕೆ ವಿಜ್ಞಾನದ ಭಾಷೆ ಕೊಟ್ಟಿತು. ಕೆಲವು ಬ್ಯಾಕ್ಟೀರಿಯಾಗಳು ಈಜಲು ಬಳಸುವ ಚಾವಟಿಯಂಥ ಅಂಗದಲ್ಲಿ ಹಲವಾರು ಬಿಡಿಭಾಗಗಳಿವೆ, ಒಂದನ್ನು ತೆಗೆದರೂ ಅದು ಕೆಲಸ ಮಾಡುವುದಿಲ್ಲ, ಆದ್ದರಿಂದ ಅದು ಹಂತಹಂತವಾಗಿ ರೂಪುಗೊಂಡಿರಲಾರದು ಎಂಬುದು ಅವರ ಪ್ರಸಿದ್ಧ ಉದಾಹರಣೆ. ವಿಜ್ಞಾನಿಗಳು ಕೊಟ್ಟ ಉತ್ತರ ಸರಳ. ಆ ಅಂಗದ ಭಾಗಗಳನ್ನು ಹೋಲುವ ಚಿಕ್ಕ ರಚನೆಯೊಂದು ಬೇರೆ ಬ್ಯಾಕ್ಟೀರಿಯಾಗಳಲ್ಲಿ ವಿಷವನ್ನು ಚುಚ್ಚುವ ಕೆಲಸ ಮಾಡುತ್ತಿದೆ. ಈಜಲಾಗದಿದ್ದರೂ ಬಿಡಿಭಾಗಗಳು ಉಪಯೋಗಕ್ಕೆ ಬರುತ್ತವೆ.

ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನ ಶಾಲಾ ಮಂಡಳಿ ವಿನ್ಯಾಸವಾದವನ್ನು ತರಗತಿಗೆ ತರಲು ಹೊರಟಾಗ 11 ಮಂದಿ ಪೋಷಕರು ಮೊಕದ್ದಮೆ ಹೂಡಿದರು. ನ್ಯಾಯಾಧೀಶ ಜಾನ್ ಜೋನ್ಸ್ 2005ರ ಡಿಸೆಂಬರ್ 20ರಂದು ವಿನ್ಯಾಸವಾದ ವಿಜ್ಞಾನವಲ್ಲ, ಸೃಷ್ಟಿವಾದದ ಮುಂದುವರಿಕೆ ಎಂದು ತೀರ್ಪಿತ್ತರು. ಮಂಡಳಿ ಶಿಫಾರಸು ಮಾಡಿದ್ದ ಪುಸ್ತಕದ ಹಳೆಯ ಕರಡುಗಳಲ್ಲಿ ‘ಸೃಷ್ಟಿವಾದಿಗಳು’ ಎಂದು ಇದ್ದಲ್ಲೆಲ್ಲ 1987ರ ತೀರ್ಪಿನ ಬಳಿಕ ‘ವಿನ್ಯಾಸವಾದಿಗಳು’ ಎಂದು ತಿದ್ದಿದ್ದು ವಿಚಾರಣೆಯಲ್ಲಿ ಬಯಲಾಯಿತು. ವಿಕಾಸದ ಪರ ಸಾಕ್ಷಿ ಹೇಳಿದ ಮುಖ್ಯ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ನಿಷ್ಠಾವಂತ ಕ್ಯಾಥೊಲಿಕ್. ವಿಜ್ಞಾನದ ಬಗ್ಗೆ ತಾವು ಕೊಟ್ಟ ಸಡಿಲ ವ್ಯಾಖ್ಯೆಯ ಒಳಗೆ ಜ್ಯೋತಿಷವೂ ಬರುತ್ತದೆ ಎಂದು ಮಂಡಳಿಯ ಪರ ಸಾಕ್ಷಿಯಾಗಿದ್ದ ಬೀಹಿ ಪಾಟೀಸವಾಲಿನಲ್ಲಿ ಒಪ್ಪಿಕೊಂಡರು. ಭಾರತದಲ್ಲಿ ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷ ಕಲಿಸುವುದರ ವಿರುದ್ಧದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2004ರಲ್ಲಿ ವಜಾ ಮಾಡಿತ್ತು ಎಂಬುದನ್ನು ನೆನೆದರೆ, ವಿಜ್ಞಾನದ ಗಡಿಯನ್ನು ಯಾರು ಗುರುತಿಸಬೇಕು ಎಂಬ ಪ್ರಶ್ನೆ ನಮಗೂ ಹೊರತಲ್ಲ.

ಮಾಗಡಿ ಕೆರೆಯ ಹೆಬ್ಬಾತು

ಶಿರಹಟ್ಟಿ ಸೀಮೆಯ ಮಾಗಡಿ ಕೆರೆ 2024ರಲ್ಲಿ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿತು. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಇಲ್ಲಿಗೆ ಬಂದು, ಹಗಲಲ್ಲಿ ನೀರಲ್ಲಿದ್ದು, ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ಬೂದು ಮೈ, ಬಿಳಿ ತಲೆ, ಹಿಂದಲೆಯಲ್ಲಿ ಎರಡು ಕಪ್ಪು ಪಟ್ಟೆ. ಇವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ. ಹಿಮಾಲಯವನ್ನು ದಾಟಿಯೇ ಬರಬೇಕು. ಮೈಗೆ ಉಪಕರಣ ಕಟ್ಟಿ ಬಿಟ್ಟ ಹಕ್ಕಿಗಳು 7000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಲ್ಲಿ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ವಿನ್ಯಾಸವಾದಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು: ಬೇಕೆಂದೇ ಮಾಡಿಟ್ಟ ಹಕ್ಕಿಯ ಹಾಗೆ ಕಾಣುತ್ತದೆ.

ಅದರ ರಕ್ತವನ್ನು ಬಿಡಿಸಿ ನೋಡಿದಾಗ ಸಿಕ್ಕಿದ ಉತ್ತರ ಬೇರೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನ ಆಲ್ಫಾ ಸರಪಳಿಯಲ್ಲಿ 141 ಅಮೈನೊ ಆಮ್ಲಗಳಿವೆ. ಬಯಲಿನ ಹೆಬ್ಬಾತುಗಳಲ್ಲಿ 119ನೆಯ ಜಾಗದಲ್ಲಿ ಪ್ರೋಲೀನ್ ಇದ್ದರೆ ಪಟ್ಟೆತಲೆ ಹೆಬ್ಬಾತಿನಲ್ಲಿ ಅಲನೀನ್ ಇದೆ. ಈ ಒಂದು ಬದಲಾವಣೆಯಿಂದ ಹಿಮೋಗ್ಲೋಬಿನ್ನಿನ ಎರಡು ಸರಪಳಿಗಳ ನಡುವಿನ ಒಂದು ಹಿಡಿತ ಸಡಿಲವಾಗಿ, ಅದು ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹಿಮೋಗ್ಲೋಬಿನ್ನಿನ ರಚನೆಯನ್ನು ಬಿಡಿಸಿದ ಮ್ಯಾಕ್ಸ್ ಪೆರುಟ್ಜ್ 1983ರಲ್ಲೇ ಈ ವಿವರಣೆ ಕೊಟ್ಟಿದ್ದರು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದಲ್ಲಿರುವ ಇನ್ನೊಂದು ಹೆಬ್ಬಾತಿನಲ್ಲಿ ಅದೇ ಹಿಡಿತ ಸಡಿಲವಾಗಿದೆ. ಆದರೆ ಅಲ್ಲಿ ಬದಲಾದದ್ದು ಎದುರಿನ ಬೀಟಾ ಸರಪಳಿಯ 55ನೆಯ ಜಾಗ. ಎರಡು ವಂಶಗಳು ಒಂದೇ ಕಷ್ಟಕ್ಕೆ ಎರಡು ಬೇರೆ ಬೇರೆ ತಪ್ಪಚ್ಚುಗಳ ಮೂಲಕ ಪರಿಹಾರ ಕಂಡುಕೊಂಡಿವೆ. 1991ರಲ್ಲಿ ಈ ಎರಡೂ ಬದಲಾವಣೆಗಳನ್ನು ಮನುಷ್ಯರ ಹಿಮೋಗ್ಲೋಬಿನ್ನಿನಲ್ಲಿ ಒಂದೊಂದಾಗಿ ಮಾಡಿ ನೋಡಿದಾಗ ಎರಡೂ ಸಲ ಆಮ್ಲಜನಕದ ಹಿಡಿತ ಹೆಚ್ಚಿತು.

2018ರಲ್ಲಿ ಸಂಶೋಧಕರು ಈ ಹಕ್ಕಿಯ ಪೂರ್ವಜರ ಹಿಮೋಗ್ಲೋಬಿನ್ ಹೇಗಿದ್ದಿರಬೇಕೆಂದು ಲೆಕ್ಕಹಾಕಿ, ಅದನ್ನು ಪ್ರಯೋಗಶಾಲೆಯಲ್ಲಿ ಮರುರಚಿಸಿ, ಬದಲಾವಣೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಲಾಭದ ದೊಡ್ಡ ಪಾಲು 119ನೆಯ ಜಾಗದ್ದೇ. ಇನ್ನೊಂದು ಬದಲಾವಣೆಗೆ ಕೆಟ್ಟ ಅಡ್ಡಪರಿಣಾಮವಿತ್ತು, ಮೂರನೆಯದು ಅದನ್ನು ಪೂರ್ತಿಯಾಗಿ ಸರಿದೂಗಿಸಿತು. ಮುಂದಾಲೋಚನೆಯಿಂದ ಮಾಡಿದ ವಸ್ತುವಿಗೆ ಇಂಥ ತೇಪೆ ಬೇಕಾಗುವುದಿಲ್ಲ. ಇದ್ದದ್ದರಲ್ಲೇ ತಿದ್ದಿಕೊಳ್ಳುತ್ತ ಬಂದ ಇತಿಹಾಸದ ಗುರುತು ಇದು.

ಎರೆ ಹೊಲದ ಹುಳ

ಅಡರಕಟ್ಟಿ ಸುತ್ತಿನ ರೈತರು ಶೇಂಗಾ, ಹೆಸರು, ಗೋವಿನಜೋಳ, ಉಳ್ಳಾಗಡ್ಡಿಗಳ ಜೊತೆಗೆ ಹತ್ತಿ ಬೆಳೆಯುತ್ತಾರೆ. ಹತ್ತಿಯ ದೊಡ್ಡ ಶತ್ರು ಕಾಯಿಕೊರಕ ಹುಳ. 2002ರಲ್ಲಿ ಭಾರತದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಮಣ್ಣಿನ ಬ್ಯಾಕ್ಟೀರಿಯಾವೊಂದರ ವಿಷದ ವಂಶವಾಹಿಯನ್ನು ಗಿಡಕ್ಕೆ ಸೇರಿಸಿದ್ದರಿಂದ ಕಾಯಿ ಕೊರೆದ ಹುಳ ಸಾಯುತ್ತಿತ್ತು. 2006ರಲ್ಲಿ ಎರಡು ವಿಷಗಳಿರುವ ಬೀಜ ಬಂತು. ಮೊದಲ ವರ್ಷಗಳಲ್ಲಿ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುವ ಖರ್ಚು ಇಳಿಯಿತು.

2010ರಲ್ಲಿ ಗುಜರಾತಿನಿಂದ ಮೊದಲ ಸುದ್ದಿ ಬಂತು: ಗುಲಾಬಿ ಕಾಯಿಕೊರಕ ಮೊದಲ ವಿಷವನ್ನು ತಾಳಿಕೊಳ್ಳುತ್ತಿದೆ. ಕೆಲವೇ ವರ್ಷಗಳಲ್ಲಿ ಎರಡನೆಯದನ್ನೂ ತಾಳಿಕೊಂಡಿತು. ಈಗ ಕರ್ನಾಟಕದ ಹೊಲಗಳಲ್ಲೂ ಬಿಟಿ ಕಾಯಿಯ ಒಳಗೆ ಆ ಹುಳ ಜೀವಂತ ಸಿಗುತ್ತದೆ, ರೈತರು ಮತ್ತೆ ಎಣ್ಣಿ ಹೊಡೆಯಬೇಕಾಗಿದೆ. ಆದದ್ದಿಷ್ಟೆ: ಕೋಟ್ಯಂತರ ಹುಳಗಳಲ್ಲಿ ವಿಷ ತಾಳುವ ಗುಣ ಅಪರೂಪಕ್ಕೆ ಕೆಲವಕ್ಕೆ ಹುಟ್ಟಿನಿಂದಲೇ ಇತ್ತು. ಉಳಿದವು ಸತ್ತವು, ಇವು ಬದುಕಿ ಮರಿ ಮಾಡಿದವು.

ಹೀಗಾಗುತ್ತದೆ ಎಂದು ವಿಕಾಸವಾದ ಮುಂಚೆಯೇ ಹೇಳಿತ್ತು, ತಡೆಯುವ ದಾರಿಯನ್ನೂ ಹೇಳಿತ್ತು. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಪೊಟ್ಟಣ ಕೊಡುತ್ತಿದ್ದುದು ಇದಕ್ಕೇ. ಹೊಲದ ಸುತ್ತ ಅದನ್ನು ಬಿತ್ತಿದರೆ ಅಲ್ಲಿ ವಿಷಕ್ಕೆ ಸಾಯುವ ಗುಣದ ಹುಳಗಳು ಉಳಿದು, ವಿಷ ತಾಳುವವುಗಳ ಜೊತೆ ಕೂಡುತ್ತವೆ. ಅವುಗಳ ಮರಿಗಳಿಗೆ ತಾಳುವ ಗುಣ ಒಂದೇ ಕಡೆಯಿಂದ ಬರುವುದರಿಂದ ಬಿಟಿ ಗಿಡದ ಮೇಲೆ ಅವು ಸಾಯುತ್ತವೆ. ಅಮೆರಿಕದ ಅರಿಜೋನಾದ ರೈತರು ಹೀಗೆ ಮಾಡಿದರು, ಆಮೇಲೆ ಅಲ್ಲಿ ಬಂಜೆ ಪತಂಗಗಳನ್ನು ಬಿಡಲಾಯಿತು. 2018ರಲ್ಲಿ ಆ ದೇಶದ ಹತ್ತಿ ಹೊಲಗಳಿಂದ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತೆಂದು ಸಾರಲಾಯಿತು. ನಮ್ಮಲ್ಲಿ ಸಾದಾ ಬೀಜ ಬಿತ್ತಿದವರು ಬಹಳ ಕಡಿಮೆ. ಸಣ್ಣ ಹಿಡುವಳಿಯವನಿಗೆ ಹುಳಕ್ಕೆಂದು ಬೆಳೆ ಬಿಡುವುದು ಸುಲಭವಲ್ಲ, ಅದರ ಕಾರಣವನ್ನು ಅವನಿಗೆ ತಿಳಿಹೇಳಿದವರೂ ಹೆಚ್ಚಿಲ್ಲ. ಹೊಣೆ ಅವನೊಬ್ಬನದಲ್ಲ.

ಇಷ್ಟನ್ನು ವಿನ್ಯಾಸವಾದಿಗಳೂ ಒಪ್ಪುತ್ತಾರೆ. ಹುಳ ಹುಳವಾಗಿಯೇ ಉಳಿಯಿತಲ್ಲ, ಹೊಸ ಜೀವಿ ಎಲ್ಲಿ ಹುಟ್ಟಿತು ಎಂಬುದು ಅವರ ಮರುಪ್ರಶ್ನೆ. ಇದಕ್ಕೆ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಉತ್ತರದ ಒಂದು ತುದಿ ಸಿಕ್ಕಿದೆ. ಎಚ್.ಎ. ರಂಗನಾಥ್ ಮತ್ತು ಸಹೋದ್ಯೋಗಿಗಳು ಅಲ್ಲಿ ಹಣ್ಣಿನ ನೊಣದ ಎರಡು ಹತ್ತಿರದ ಬಳಗಗಳನ್ನು ಕೂಡಿಸಿ ನೋಡಿದರು. ಒಂದರಲ್ಲಿ 8 ವರ್ಣತಂತುಗಳು, ಇನ್ನೊಂದರಲ್ಲಿ 6. ಮಿಶ್ರ ಸಂತಾನವನ್ನು ತಲೆಮಾರುಗಳ ಕಾಲ ಸಾಕಿದಾಗ ಎರಡೂ ಮೂಲಗಳಿಗಿಂತ ಭಿನ್ನವಾದ, ವರ್ಣತಂತುಗಳಲ್ಲಿ ಸ್ಥಿರವಾದ ಹೊಸ ಬಳಗಗಳು ರೂಪುಗೊಂಡವು. ಅವುಗಳಲ್ಲಿ ಕೆಲವು ತಮ್ಮ ಬಳಗದವರೊಡನೆಯೇ ಕೂಡುವ ಒಲವನ್ನೂ ತೋರತೊಡಗಿದವು. ಇದು ಇನ್ನೂ ಪೂರ್ಣ ಹೊಸ ಪ್ರಭೇದವಲ್ಲ, ಅದರ ಆರಂಭ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ್ ಜೋಶಿ ಅವರ ಬಳಗವೂ ನೊಣಗಳ ನೂರಾರು ತಲೆಮಾರುಗಳ ಮೇಲೆ ಆಯ್ಕೆಯ ಪ್ರಯೋಗ ನಡೆಸಿದೆ.

ಅವತಾರಗಳ ಹೋಲಿಕೆ

ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ ಎಂಬ ಸಾಲೇ ವಿಕಾಸದ ಕ್ರಮ, ನಮ್ಮವರಿಗೆ ಇದು ಮೊದಲೇ ಗೊತ್ತಿತ್ತು ಎಂಬ ಮಾತು ಹರಿಕಥೆಗಳಲ್ಲೂ ಭಾಷಣಗಳಲ್ಲೂ ಕೇಳಿಬರುತ್ತದೆ. ಈ ಹೋಲಿಕೆಯನ್ನು ಥಿಯೊಸಾಫಿಕಲ್ ಸೊಸೈಟಿಯ ಬ್ಲಾವಟ್ಸ್ಕಿ 1877ರಲ್ಲಿ, ಬ್ರಾಹ್ಮ ಸಮಾಜದ ನಾಯಕ ಕೇಶವಚಂದ್ರ ಸೇನ್ 1882ರಲ್ಲಿ ಮಾಡಿದ್ದರು. ಎರಡೂ ಡಾರ್ವಿನ್ನನ ಪುಸ್ತಕದ ನಂತರದವು. 2019ರ ಭಾರತೀಯ ವಿಜ್ಞಾನ ಸಮಾವೇಶದಲ್ಲಿ ಆಂಧ್ರ ವಿಶ್ವವಿದ್ಯಾಲಯದ ಆಗಿನ ಕುಲಪತಿಯೂ ಇದನ್ನೇ ಹೇಳಿದಾಗ ವಿಜ್ಞಾನಿಗಳು ಪ್ರತಿಭಟಿಸಿದರು. ಇದು ವಿಜ್ಞಾನಕ್ಕೂ ಒಗ್ಗುವುದಿಲ್ಲ, ಸಂಪ್ರದಾಯಕ್ಕೂ ಒಗ್ಗುವುದಿಲ್ಲ. ಮಾಧ್ವ ಸಿದ್ಧಾಂತದಲ್ಲಿ ವಿಷ್ಣುವಿನ ಅವತಾರಗಳಲ್ಲಿ ಹೆಚ್ಚುಕಡಿಮೆ ಎಂಬುದಿಲ್ಲ. ಮತ್ಸ್ಯನೂ ಕೃಷ್ಣನಷ್ಟೇ ಪೂರ್ಣ. ಅವತಾರಗಳನ್ನು ಏಣಿಯ ಮೆಟ್ಟಿಲುಗಳಾಗಿ ಜೋಡಿಸುವವರು ಆ ನಂಬಿಕೆಯನ್ನೇ ಕೆಡಿಸುತ್ತಾರೆ.

ಶಾಲೆಯಲ್ಲಿ ವಿಕಾಸ

ಭಾರತದಲ್ಲಿ ಡೋವರಿನಂಥ ಮೊಕದ್ದಮೆ ನಡೆದಿಲ್ಲ. 2018ರ ಜನವರಿಯಲ್ಲಿ ಕೇಂದ್ರದ ಅಂದಿನ ಸಚಿವ ಸತ್ಯಪಾಲ್ ಸಿಂಗ್, ಕೋತಿ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ, ಡಾರ್ವಿನ್ನನ ಸಿದ್ಧಾಂತವನ್ನು ಪಠ್ಯದಿಂದ ತೆಗೆಯಬೇಕು ಎಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ಅಕಾಡೆಮಿಗಳು ಜಂಟಿ ಹೇಳಿಕೆ ಕೊಟ್ಟು ಇದನ್ನು ತಳ್ಳಿಹಾಕಿದವು. ಇಂದಿನ ಕೋತಿಯಿಂದ ಮನುಷ್ಯ ಹುಟ್ಟಿದನೆಂದು ವಿಜ್ಞಾನ ಹೇಳಿಯೇ ಇಲ್ಲ. ಇಬ್ಬರಿಗೂ ಹಿಂದೆ ಒಂದೇ ಪೂರ್ವಜ ಜೀವಿ ಇತ್ತು ಎಂದಷ್ಟೇ ಅದು ಹೇಳುವುದು. ಡಾರ್ವಿನ್ನನ ಸಿದ್ಧಾಂತವನ್ನು ಪ್ರಶ್ನಿಸಿದ ಅರ್ಜಿಯೊಂದನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ವಜಾ ಮಾಡಿತು.

ಇದಕ್ಕಿಂತ ಆಳವಾಗಿ ತಟ್ಟಿದ್ದು ಪಠ್ಯದ ಬದಲಾವಣೆ. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆ ಮತ್ತು ಜೀವವಿಕಾಸ ಎಂದಿದ್ದ ಅಧ್ಯಾಯದಿಂದ ಜೀವವಿಕಾಸದ ಭಾಗವನ್ನು ತೆಗೆಯಲಾಯಿತು. ಮಕ್ಕಳ ಹೊರೆ ಇಳಿಸಲು ಹೀಗೆ ಮಾಡಿದ್ದು, ಹನ್ನೆರಡನೆಯ ತರಗತಿಯಲ್ಲಿ ಇಡೀ ಅಧ್ಯಾಯವೇ ಇದೆ ಎಂಬುದು ಸಂಸ್ಥೆಯ ಸಮಜಾಯಿಷಿ. 2023ರ ಏಪ್ರಿಲ್‌ನಲ್ಲಿ ಬ್ರೇಕ್‌ಥ್ರೂ ಸೈನ್ಸ್ ಸೊಸೈಟಿಯ ಮನವಿಗೆ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿದರು.

ಹನ್ನೆರಡನೆಯ ತರಗತಿಯ ಆ ಅಧ್ಯಾಯ ಜೀವಶಾಸ್ತ್ರ ಆರಿಸಿಕೊಂಡವರಿಗೆ ಮಾತ್ರ. ಹತ್ತನೆಯದರ ನಂತರ ಕಲೆ, ವಾಣಿಜ್ಯ, ಐಟಿಐ ಹಿಡಿಯುವ ಅಥವಾ ಹೊಲದ ಕೆಲಸಕ್ಕೆ ನಿಲ್ಲುವ ಮಗುವಿಗೆ ಅದು ಸಿಗುವುದಿಲ್ಲ. ನಾಳೆ ಹತ್ತಿ ಬಿತ್ತುವವರು, ಸಾದಾ ಬೀಜದ ಸಾಲು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಈ ಮಕ್ಕಳೇ. ಜೀವವಿಕಾಸದ ಪಾಠ ಹತ್ತನೆಯ ತರಗತಿಗೆ ಮರಳಬೇಕು. ಅದು ಮರಳುವವರೆಗೆ ಈ ಸೀಮೆಯ ಶಿಕ್ಷಕರು ಕಾಯಬೇಕಿಲ್ಲ: ನವೆಂಬರಿನಿಂದ ಫೆಬ್ರುವರಿಯವರೆಗೆ ಹೆಬ್ಬಾತುಗಳು ಮಾಗಡಿ ಕೆರೆಯಲ್ಲಿರುತ್ತವೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಲಿ.